ಶವದ ಸಾಕ್ಷಿ ಇಂಗ್ಲಿಷಿನಲ್ಲಿ, ಗಾಳಿಸುದ್ದಿ ಮಾತ್ರ ಅಚ್ಚ ಕನ್ನಡದಲ್ಲಿ!



2017ರ ಡಿಸೆಂಬರ್ 8ನ್ನು ಒಮ್ಮೆ ನೆನಪಿಸಿಕೊಳ್ಳಿ. ಹೊನ್ನಾವರದ ಶೆಟ್ಟಿಕೆರೆಯಲ್ಲಿ ಒಬ್ಬ ಯುವಕನ ಶವ ಸಿಕ್ಕಿತು. ಡಿಸೆಂಬರ್ 6ರ ರಾತ್ರಿ ಊರಿನಲ್ಲಿ ಗಲಾಟೆಯಾದಾಗಿನಿಂದ ಆತ ಕಾಣೆಯಾಗಿದ್ದ. ಆ ಮನೆಯ ಗೋಳು ಯಾರಿಗೂ ಬೇಡ. ಆದರೆ ಮುಂದೆ ಆದದ್ದೇನು? ಕಾದ ಎಣ್ಣೆ ಸುರಿದು ಕೊಂದರಂತೆ, ಹಚ್ಚೆ ಹಾಕಿಸಿದ್ದ ಕೈಯನ್ನು ಕೊಯ್ದರಂತೆ ಎಂಬ ಅಂತೆಕಂತೆಗಳ ಸಂತೆ ಕರಾವಳಿಯುದ್ದಕ್ಕೂ ನೆರೆಯಿತು. ಡಿಸೆಂಬರ್ 11ರಂದು ಕುಮಟಾ ಹೊತ್ತಿ ಉರಿಯಿತು. ಕಾನೂನು ಕಾಯಬೇಕಾದ ಐಜಿಪಿಯ ವಾಹನಕ್ಕೇ ಬೆಂಕಿ ಬಿತ್ತು.

ಅದೇ ದಿನಗಳಲ್ಲಿ ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ವಿಧಿವಿಜ್ಞಾನ ತಜ್ಞರು ಪೊಲೀಸರ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರ ಕೊಟ್ಟರು. ಎಣ್ಣೆ ಸುರಿದ ಗುರುತಿಲ್ಲ, ಕೈ ಕೊಯ್ದ ಗುರುತಿಲ್ಲ, ಚಿತ್ರಹಿಂಸೆಯ ಗುರುತಿಲ್ಲ ಎಂಬುದು ಅದರ ಸಾರ. ಯಾರು ಓದಿದರು? ಯಾರು ಕೇಳಿದರು? ಪ್ರಕರಣ ಸಿಬಿಐಗೆ ಹೋಯಿತು. ಸುಮಾರು ಐದು ವರ್ಷ ಕಳೆದ ಮೇಲೆ, 2022ರ ಅಕ್ಟೋಬರಿನಲ್ಲಿ, ಸಿಬಿಐ ಹೊನ್ನಾವರದ ನ್ಯಾಯಾಲಯಕ್ಕೆ ಬಿ ರಿಪೋರ್ಟ್ ಸಲ್ಲಿಸಿತು. ಇದು ಕೊಲೆಯಲ್ಲ, ಆಕಸ್ಮಿಕವಾಗಿ ನೀರಿಗೆ ಬಿದ್ದು ಸಂಭವಿಸಿದ ಸಾವು ಎಂದಿತು. ಅದನ್ನು ಒಪ್ಪದವರು ಇಂದಿಗೂ ಇದ್ದಾರೆ. ಅವರನ್ನು ಬೈದು ಪ್ರಯೋಜನವಿಲ್ಲ. ಅವರಿಗೆ ಅರ್ಥವಾಗುವ ಮಾತಿನಲ್ಲಿ, ಅರ್ಥವಾಗಬೇಕಾದ ಹೊತ್ತಿನಲ್ಲಿ, ಯಾರಾದರೂ ವಿವರಿಸಿದ್ದರೇ? ಇದು ನಮ್ಮ ಪ್ರಶ್ನೆ.

ನೀರು ಹೇಳುವ ಸತ್ಯ

ಶರಾವತಿ, ಅಘನಾಶಿನಿಯ ದಡದಲ್ಲಿ ಹುಟ್ಟಿದವರಿಗೆ ನೀರಿನ ಗುಣ ಹೇಳಿಕೊಡಬೇಕಾಗಿಲ್ಲ. ಎರಡು ದಿನ ನೀರಿನಲ್ಲಿದ್ದ ಶವ ಊದಿಕೊಳ್ಳುತ್ತದೆ, ಬಣ್ಣ ಕಪ್ಪಾಗುತ್ತದೆ, ಗುಳ್ಳೆ ಏಳುತ್ತದೆ, ಚರ್ಮ ಸುಲಿದು ಬರುತ್ತದೆ. ಮೀನು, ಏಡಿಗಳು ತುಟಿ, ಕಣ್ಣು, ಕಿವಿಯಂಥ ಮೃದು ಭಾಗಗಳನ್ನು ಮೊದಲು ತಿನ್ನುತ್ತವೆ. ನೋಡಿದವನ ಕಣ್ಣಿಗೆ ಅದು ಸುಟ್ಟ ಗಾಯದಂತೆ, ಕೊಯ್ದ ಗಾಯದಂತೆ ಕಂಡರೆ ಆಶ್ಚರ್ಯವಿಲ್ಲ. ಹೆತ್ತವರು ಅದನ್ನು ಕಂಡು ‘ನಮ್ಮ ಮಗನನ್ನು ಯಾರೋ ಹಿಂಸಿಸಿದ್ದಾರೆ’ ಎಂದರೆ ಅದು ತಪ್ಪೂ ಅಲ್ಲ.

ಆದರೆ ವಿಧಿವಿಜ್ಞಾನ ಬರಿಗಣ್ಣನ್ನು ನಂಬಿ ಕೂರುವುದಿಲ್ಲ. ಜೀವವಿದ್ದಾಗ ಆದ ಗಾಯದಲ್ಲಿ ಹೃದಯ ರಕ್ತವನ್ನು ತಳ್ಳುತ್ತಿರುತ್ತದೆ. ಹಾಗಾಗಿ ಸುತ್ತಲಿನ ಮಾಂಸದೊಳಗೆ ರಕ್ತ ಇಂಗಿ ಹೆಪ್ಪುಗಟ್ಟಿರುತ್ತದೆ. ಸತ್ತ ಮೇಲೆ ಆದ ಗಾಯದಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ. ಇನ್ನೊಂದು ಪರೀಕ್ಷೆ ಕೇಳಿ. ಕೆರೆ, ಹೊಳೆಯ ನೀರಿನಲ್ಲಿ ಕಣ್ಣಿಗೆ ಕಾಣದ ಒಂದು ಬಗೆಯ ಪಾಚಿ ಇರುತ್ತದೆ. ಅದಕ್ಕೆ ಗಾಜಿನಂಥ ಗಟ್ಟಿ ಚಿಪ್ಪು. ಹೆಸರು ಡಯಾಟಮ್. ಬದುಕಿರುವವನು ಮುಳುಗಿದರೆ ಉಸಿರಿನೊಂದಿಗೆ ನೀರು ಶ್ವಾಸಕೋಶಕ್ಕೆ ನುಗ್ಗಿ, ಈ ಚಿಪ್ಪುಗಳು ರಕ್ತದೊಡನೆ ಹರಿದು ಮೂಳೆಯ ಮಜ್ಜೆಯವರೆಗೆ ತಲುಪಬಲ್ಲವು. ಕೊಂದು ನೀರಿಗೆಸೆದ ಶವದಲ್ಲಿ ಹೃದಯ ನಿಂತಿರುವುದರಿಂದ ಅವು ಅಷ್ಟು ಒಳಗೆ ಹೋಗಲಾರವು. ಮಜ್ಜೆಯಲ್ಲಿ ಸಿಕ್ಕ ಚಿಪ್ಪನ್ನೂ ಕೆರೆಯ ನೀರಿನ ಚಿಪ್ಪನ್ನೂ ಹೋಲಿಸಿ ನೋಡುತ್ತಾರೆ. ಈ ಪರೀಕ್ಷೆಯೊಂದೇ ಕೊನೆಯ ಮಾತಲ್ಲ. ಸೀಸೆ ತೊಳೆದ ನೀರಿನಲ್ಲೇ ಪಾಚಿ ಇದ್ದರೆ ಎಲ್ಲ ಕೆಟ್ಟಿತು. ಆದ್ದರಿಂದಲೇ ಹತ್ತು ಗುರುತುಗಳನ್ನು ಕೂಡಿಸಿ ನೋಡಬೇಕು ಎನ್ನುವುದು.

ಹೇಳಿ, ಇದರಲ್ಲಿ ಕನ್ನಡದಲ್ಲಿ ಹೇಳಲಾಗದ್ದು ಏನಿದೆ?

ಗುಂಡಿಗೂ ಗುರುತುಂಟು

ಫ್ರಾನ್ಸಿನ ಲಿಯೋನ್ ನಗರದಲ್ಲಿ 1910ರಲ್ಲಿ ಪೊಲೀಸ್ ಪ್ರಯೋಗಾಲಯ ತೆರೆದ ಎಡ್ಮಂಡ್ ಲೊಕಾರ್ಡ್ ಎಂಬಾತನ ಸೂತ್ರ ಸರಳ. ಎರಡು ವಸ್ತು ತಾಗಿದರೆ ಒಂದರ ಗುರುತು ಇನ್ನೊಂದಕ್ಕೆ ಅಂಟುತ್ತದೆ. ಕಳ್ಳ ಏನೋ ಬಿಟ್ಟು ಹೋಗುತ್ತಾನೆ, ಏನೋ ಹೊತ್ತು ಹೋಗುತ್ತಾನೆ. ಇದು ಬರೀ ಪರದೇಶದ ವಿದ್ಯೆ ಎಂದುಕೊಳ್ಳಬೇಡಿ. 1897ರಲ್ಲೇ ಕಲ್ಕತ್ತೆಯಲ್ಲಿ ಬೆರಳಚ್ಚು ಕಚೇರಿ ಆರಂಭವಾಗಿತ್ತು. ಬೆರಳಚ್ಚುಗಳನ್ನು ವಿಂಗಡಿಸುವ ಪದ್ಧತಿ ರೂಪಿಸಲು ದುಡಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಹೆಸರು ಬಂದದ್ದು ಮಾತ್ರ ಹೆನ್ರಿ ಎಂಬ ಬಿಳಿ ಸಾಹೇಬನಿಗೆ!

ನಮ್ಮ ನಾಡಿನದೇ ಉದಾಹರಣೆ ಬೇಕೇ? 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಡಾ. ಎಂ.ಎಂ. ಕಲಬುರ್ಗಿಯವರನ್ನು ಮನೆ ಬಾಗಿಲಲ್ಲೇ ಗುಂಡಿಕ್ಕಿ ಕೊಂದರು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶರನ್ನು ಕೊಂದರು. ನಡುವೆ ಎರಡು ವರ್ಷ, ನಾನೂರು ಕಿಲೋಮೀಟರ್ ದೂರ. ಎರಡೂ ಕಡೆ ಒಂದೇ 7.65 ಎಂ.ಎಂ. ನಾಡ ಪಿಸ್ತೂಲು ಬಳಕೆಯಾಗಿದೆ ಎಂದು ಹೇಳಿದ್ದು ಯಾವ ಪ್ರತ್ಯಕ್ಷದರ್ಶಿಯೂ ಅಲ್ಲ. ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯದ ವರದಿ. ಪಿಸ್ತೂಲಿನ ಸೂಜಿ ತೋಟೆಯ ತಳಕ್ಕೆ ಹೊಡೆದಾಗ ಬೀಳುವ ಗುರುತು, ಒಬ್ಬೊಬ್ಬ ಅಕ್ಕಸಾಲಿಗನ ಮುದ್ರೆಯಂತೆ ಬೇರೆ ಬೇರೆ. ಖಾಲಿ ತೋಟೆಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಅಕ್ಕಪಕ್ಕ ಇಟ್ಟು ಹೋಲಿಸಿದರು, ಅಷ್ಟೆ.

ಈಗ ಭಟ್ಕಳಕ್ಕೆ ಬನ್ನಿ. 1996ರ ಏಪ್ರಿಲ್ 10ರಂದು ಅಲ್ಲಿನ ಶಾಸಕ ಡಾ. ಯು. ಚಿತ್ತರಂಜನ್ ಅವರನ್ನು ಅವರ ಮನೆಯಲ್ಲೇ ಗುಂಡಿಕ್ಕಿ ಕೊಲ್ಲಲಾಯಿತು. ಸಿಬಿಐ ಕೂಡ ತನಿಖೆ ಮಾಡಿತು. ಕೊಂದವರು ಯಾರು ಎಂಬುದು ಇವತ್ತಿಗೂ ಸಾಬೀತಾಗಿಲ್ಲ. ಒಬ್ಬ ಶಾಸಕನ ಸಾವಿಗೇ ಉತ್ತರವಿಲ್ಲದ ಊರಿನಲ್ಲಿ ಗಾಳಿಸುದ್ದಿಗೆ ಬೆಲೆ ಬರದೆ ಇನ್ನೇನಾದೀತು? ಉತ್ತರ ಸಿಗದ ಪ್ರತಿ ಸಾವೂ ಮುಂದಿನ ಗಲಭೆಗೆ ಇಟ್ಟ ಸೌದೆ.

ವಿಜ್ಞಾನದ ಹೆಸರಿನ ಮೋಸ

ಹಾಗೆಂದು ಪ್ರಯೋಗಾಲಯದಿಂದ ಬಂದದ್ದೆಲ್ಲ ವೇದವಾಕ್ಯ ಎಂದು ನಾವು ಹೇಳುತ್ತಿಲ್ಲ. ಮಂಪರು ಪರೀಕ್ಷೆಯ ಹುಚ್ಚು ಒಂದು ಕಾಲದಲ್ಲಿ ಬೆಂಗಳೂರನ್ನೇ ಹಿಡಿದಿತ್ತು. ಔಷಧಿ ಚುಚ್ಚಿ, ತೊದಲು ಮಾತು ಕೇಳಿ, ಅದನ್ನೇ ಸತ್ಯ ಎಂದು ಟಿವಿಯಲ್ಲಿ ತೋರಿಸಿದರು. 2010ರಲ್ಲಿ ಸುಪ್ರೀಂ ಕೋರ್ಟು ಸೆಲ್ವಿ ವಿರುದ್ಧ ಕರ್ನಾಟಕ ಸರ್ಕಾರ ಪ್ರಕರಣದಲ್ಲಿ ಇದಕ್ಕೆ ಕಡಿವಾಣ ಹಾಕಿತು. ವ್ಯಕ್ತಿಯ ಒಪ್ಪಿಗೆಯಿಲ್ಲದೆ ಇಂಥ ಪರೀಕ್ಷೆ ನಡೆಸಕೂಡದು ಎಂದಿತು. ಬಾಯಿ ಬಿಡಿಸುವುದೇ ಬೇರೆ, ವಸ್ತುವನ್ನು ಮಾತಾಡಿಸುವುದೇ ಬೇರೆ.

ವಸ್ತು ಮಾತಾಡಬೇಕಾದರೂ ಅದನ್ನು ಜೋಪಾನ ಮಾಡಬೇಕು. ಎಲ್ಲಿ ಸಿಕ್ಕಿತು, ಯಾರು ತೆಗೆದರು, ಪಂಚರ ಮುಂದೆ ಮಹಜರು ಆಯಿತೇ, ಅರಗಿನ ಮೊಹರು ಒಡೆದಿದೆಯೇ, ಠಾಣೆಯಿಂದ ಪ್ರಯೋಗಾಲಯಕ್ಕೆ ಯಾರ ಕೈಯಲ್ಲಿ ಹೋಯಿತು? ಈ ಸರಪಳಿಯ ಒಂದು ಕೊಂಡಿ ಕಳಚಿದರೂ ವಕೀಲರು ಬಿಡುವುದಿಲ್ಲ. ಬಿಡಲೂಬಾರದು. ಇಲ್ಲಿ ನಮ್ಮ ತಪ್ಪೂ ಇದೆ. ಶವ ಕಂಡೊಡನೆ ನೂರು ಜನ ಮುತ್ತುತ್ತೇವೆ. ಹೆಜ್ಜೆ ಗುರುತು ತುಳಿಯುತ್ತೇವೆ, ಮೊಬೈಲಿನಲ್ಲಿ ಚಿತ್ರ ಹಿಡಿಯುತ್ತೇವೆ, ‘ಪಾಪ’ ಎಂದು ಬಟ್ಟೆ ಸರಿಪಡಿಸುತ್ತೇವೆ. ಕೊಲೆಗಾರನ ಕೆಲಸವನ್ನು ನಾವೇ ಮುಗಿಸಿಕೊಡುತ್ತೇವೆ!

ಕನ್ನಡದ ಪಾಲೆಲ್ಲಿ?

2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿದೆ. ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧವಾದರೆ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬಂದು ಸಾಕ್ಷ್ಯ ಸಂಗ್ರಹಿಸಬೇಕು, ಅದನ್ನು ವಿಡಿಯೋ ಮಾಡಬೇಕು ಎಂದು ಅದರ 176ನೇ ಕಲಂ ಹೇಳುತ್ತದೆ. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷ ಸಮಯವಿದೆ. ತನಿಖೆಯ ಪ್ರಗತಿಯನ್ನು 90 ದಿನಗಳೊಳಗೆ ದೂರುದಾರರಿಗೆ ಅಥವಾ ಸಂತ್ರಸ್ತರಿಗೆ ತಿಳಿಸಬೇಕು ಎಂದು 193ನೇ ಕಲಂ ಹೇಳುತ್ತದೆ. ಬಹಳ ಸಂತೋಷ. ಆದರೆ ಯಾವ ಭಾಷೆಯಲ್ಲಿ ಸ್ವಾಮಿ?

ಮಹಜರು ಕನ್ನಡದಲ್ಲಿ, ಪಂಚರ ಸಹಿ ಕನ್ನಡದಲ್ಲಿ, ಕೆಳ ನ್ಯಾಯಾಲಯದಲ್ಲಿ ಸಾಕ್ಷಿಯ ಹೇಳಿಕೆ ಕನ್ನಡದಲ್ಲಿ. ಸಾವಿನ ಕಾರಣ ಹೇಳುವ ಮರಣೋತ್ತರ ವರದಿ, ಪ್ರಯೋಗಾಲಯದ ವರದಿ ಮಾತ್ರ ಬಹುತೇಕ ಇಂಗ್ಲಿಷಿನಲ್ಲಿ! ಮಗನನ್ನು ಕಳೆದುಕೊಂಡ ತಾಯಿ ಆ ಹಾಳೆ ಹಿಡಿದು ಯಾರ ಮನೆಗೆ ಹೋಗಬೇಕು? ಓದಿ ಹೇಳುವವನು ತನಗೆ ಬೇಕಾದ್ದನ್ನು ಓದಿ ಹೇಳಿದರೆ ಗತಿಯೇನು? ಸತ್ಯ ಇಂಗ್ಲಿಷಿನಲ್ಲಿ ಕಡತದೊಳಗೆ ಮಲಗಿದ್ದಾಗ, ಸುಳ್ಳು ಅಚ್ಚ ಕನ್ನಡದಲ್ಲಿ ಬೀದಿ ಸುತ್ತಿತು. ಗೆದ್ದದ್ದು ಯಾವುದು ಎಂದು ಕುಮಟೆಯವರನ್ನು ಕೇಳಿ.

ನಮ್ಮ ಬೇಡಿಕೆ ದೊಡ್ಡದೇನಲ್ಲ. ಮರಣೋತ್ತರ ವರದಿಯ ಜೊತೆ ಒಂದು ಪುಟದ ಕನ್ನಡ ಸಾರಾಂಶವನ್ನು ವೈದ್ಯರ ಸಹಿಯೊಂದಿಗೆ ಮನೆಯವರಿಗೆ ಕೊಡಿ. ಪ್ರಯೋಗಾಲಯದ ನಿರ್ಣಯವನ್ನು ಕನ್ನಡದಲ್ಲೂ ಬರೆಯಿರಿ. ಊರು ಉದ್ವಿಗ್ನವಾದಾಗ ತಜ್ಞ ವೈದ್ಯರನ್ನೇ ಕೂರಿಸಿ ಕನ್ನಡದಲ್ಲಿ ಜನರಿಗೆ ಹೇಳಿಸಿ. ಉತ್ತರ ಕನ್ನಡದಂಥ ಉದ್ದನೆಯ ಜಿಲ್ಲೆಗೆ ಸ್ಥಳ ಪರಿಶೀಲಿಸುವ ತಜ್ಞರು ಗಂಟೆಗಳಲ್ಲಿ ತಲುಪುವಂತೆ ಮಾಡಿ.

ಓದುಗರೇ, ನಿಮ್ಮ ಕೈಯಲ್ಲೂ ಒಂದು ಕೆಲಸವಿದೆ. ಮುಂದಿನ ಸಲ ಯಾರಾದರೂ ‘ಹೀಗೆ ಕೊಂದರಂತೆ’ ಎಂದು ಬಂದರೆ ಒಂದೇ ಪ್ರಶ್ನೆ ಕೇಳಿ: ‘ವರದಿ ಎಲ್ಲಿ? ಕನ್ನಡದಲ್ಲಿ ತೋರಿಸು.’ ಸತ್ತವರಿಗೆ ನಾವು ಸಲ್ಲಿಸಬಹುದಾದ ಮೊದಲ ಗೌರವ ಅದು. ಕಲ್ಲು ಎತ್ತಿಕೊಳ್ಳುವ ಮೊದಲು ಈ ಪ್ರಶ್ನೆ ಎತ್ತಿಕೊಳ್ಳಿ.