ಕಾಡು ಉಳಿಸಿದ ದುಡ್ಡು ಯಾರಿಗೆ?

ಮೊನ್ನೆ ಮನೆಗೊಂದು ವಾರ್ಡ್‌ರೋಬ್ ಮಾಡಿಸೋಣ ಅಂತ ಪ್ಲೈವುಡ್ ಅಂಗಡಿಗೆ ಹೋಗಿದ್ದೆ. ಅಂಗಡಿಯಾತ ಹಾಳೆಯೊಂದರ ಮೈ ಸವರುತ್ತಾ, "ಸಾರ್, ಇದರ ಮೇಲಿನ ಪದರ ಗ್ಯಾಬೊನ್‌ದು, ಫಿನಿಶಿಂಗ್ ನೀಟಾಗಿ ಬರುತ್ತೆ" ಅಂದ. ಗ್ಯಾಬೊನ್ ಎಲ್ಲಿದೆ ಅಂದಿದ್ದಕ್ಕೆ ನಕ್ಕುಬಿಟ್ಟ!

ಆಫ್ರಿಕಾದ ಪಶ್ಚಿಮ ಕರಾವಳಿಯಲ್ಲಿ, ಭೂಮಧ್ಯರೇಖೆಯ ಮೇಲೇ ಕೂತಿರುವ ದೇಶ ಅದು. ಕರ್ನಾಟಕಕ್ಕಿಂತ ದೊಡ್ಡದು, ಜನ ಮಾತ್ರ 25 ಲಕ್ಷದ ಆಸುಪಾಸು. ನೆಲದ ಶೇ. 85ಕ್ಕೂ ಹೆಚ್ಚು ಭಾಗ ಕಾಡು. ಅಂಗಡಿಯಾತ ತೋರಿಸಿದ ಪದರ ಅಲ್ಲಿನ ಒಕುಮೆ ಮರದ್ದು. ಅವತ್ತಿನಿಂದ ಈ ದೇಶದ ಬಗ್ಗೆ ಸಿಕ್ಕಿದ್ದೆಲ್ಲ ಓದುತ್ತಿದ್ದೇನೆ. ಓದಿದಷ್ಟೂ ಒಂದು ಪ್ರಶ್ನೆ ಕಾಡುತ್ತಿದೆ.

ಗ್ಯಾಬೊನ್ ಮಾಡಿರುವ ಕೆಲಸ ಸಣ್ಣದಲ್ಲ. 2002ರಲ್ಲಿ ಅಧ್ಯಕ್ಷ ಒಮರ್ ಬೊಂಗೊ ಒಂದೇ ಏಟಿಗೆ 13 ರಾಷ್ಟ್ರೀಯ ಉದ್ಯಾನಗಳನ್ನು ಘೋಷಿಸಿದರು. 2010ರಲ್ಲಿ ಇಡೀ ದಿಮ್ಮಿಗಳ ರಫ್ತು ನಿಂತಿತು. ಮರ ಅಲ್ಲೇ ಸೀಳಬೇಕು, ಕೆಲಸ ಅಲ್ಲಿನವರಿಗೇ ಸಿಗಬೇಕು ಅನ್ನುವ ಲೆಕ್ಕಾಚಾರ. ನಮಗೆ ದಿಮ್ಮಿಯ ಬದಲು ತೆಳು ಪದರ ಬರುತ್ತಿರುವುದೂ ಹೀಗೇ. 2019ರಲ್ಲಿ ನಾರ್ವೆ, ಕಾಡು ಉಳಿಸಿ ಇಂಗಾಲ ತಡೆದರೆ ಹತ್ತು ವರ್ಷದಲ್ಲಿ 15 ಕೋಟಿ ಡಾಲರ್‌ವರೆಗೆ ಕೊಡುತ್ತೇನೆ ಅಂತ ಒಪ್ಪಿತು. 2021ರಲ್ಲಿ ಮೊದಲ ಕಂತು 1.7 ಕೋಟಿ ಡಾಲರ್ ಬಂತು.

ಇನ್ನು ಪ್ರವಾಸೋದ್ಯಮ. ಲೊವಾಂಗೊ ಉದ್ಯಾನದಲ್ಲಿ ನೀರಾನೆಗಳು ಸಮುದ್ರದ ಅಲೆಗೆ ಇಳಿಯುತ್ತವಂತೆ, ಆನೆಗಳು ಬೀಚಿನಲ್ಲಿ ಅಡ್ಡಾಡುತ್ತವಂತೆ. ನೋಡಬೇಕು ಅನ್ನಿಸದೇ ಇರುತ್ತದೆಯೇ? ಆದರೆ ರಸ್ತೆ ಕಮ್ಮಿ, ಖರ್ಚು ಜಾಸ್ತಿ. ಗೊರಿಲ್ಲಾ ತೋರಿಸೋಣ ಅಂದರೆ ನಮ್ಮ ನೆಗಡಿಯೇ ಅವಕ್ಕೆ ಮಾರಿ, ಜಾತ್ರೆ ಸೇರಿಸುವಂತಿಲ್ಲ. ಹಾಗಾಗಿ ಪ್ರವಾಸಿಗಳ ದುಡ್ಡಿನಿಂದಲೇ ಕಾಡು ಉಳಿಯುತ್ತದೆ ಅನ್ನುವುದು ನನಗಂತೂ ನಂಬಿಕೆಯಾಗದ ಮಾತು. ಅದು ಊಟದ ಜೊತೆಗಿನ ಉಪ್ಪಿನಕಾಯಿ ಆಗಬಹುದು, ಊಟ ಆಗಲಾರದು.

ಹಾಗಾದರೆ ಕಾಡು ಉಳಿಯುತ್ತಿರುವುದು ಯಾರಿಂದ? ಒಂದು ಪಾಲು ಆನೆಗಳಿಂದ. 2021ರಲ್ಲಿ ಪ್ರಕಟವಾದ ಗಣತಿಯ ಪ್ರಕಾರ ಅಲ್ಲಿ ಸುಮಾರು 95,000 ಕಾಡಾನೆಗಳಿವೆ. ಹಣ್ಣು ತಿಂದು, ಮೈಲಿಗಟ್ಟಲೆ ನಡೆದು, ಲದ್ದಿಯಲ್ಲಿ ಬೀಜ ಬಿತ್ತುವ ತೋಟಗಾರರು ಅವು. ಆದರೆ ಲೋಪೆ ಉದ್ಯಾನದಲ್ಲಿ ಮೂವತ್ತು ವರ್ಷ ಮರಗಳನ್ನು ಗಮನಿಸಿದ ವಿಜ್ಞಾನಿಗಳು, 1986ರಿಂದ 2018ರೊಳಗೆ ಮಾಗಿದ ಹಣ್ಣು ಸಿಗುವ ಸಾಧ್ಯತೆ ಶೇ. 81ರಷ್ಟು ಕುಸಿದಿದೆ ಅನ್ನುತ್ತಾರೆ. ಬಿಸಿ ಏರಿದ ಹವಾಮಾನವೇ ಕಾರಣ ಇರಬೇಕೆಂದು ಅವರ ಅನುಮಾನ.

ಹಸಿದ ಆನೆ ಎಲ್ಲಿಗೆ ಹೋಗುತ್ತದೆ? ಊರಂಚಿನ ಬಾಳೆ, ಮರಗೆಣಸಿನ ಹೊಲಕ್ಕೆ. ಒಂದು ರಾತ್ರಿಯಲ್ಲಿ ವರ್ಷದ ಅನ್ನ ಮಣ್ಣುಪಾಲು. ಆನೆಯೋ ಕಾನೂನಿನ ರಕ್ಷಣೆಯಲ್ಲಿರುವ ಪ್ರಾಣಿ. ಸಕಲೇಶಪುರ, ಕೊಡಗಿನ ಕಡೆಯವರಿಗೆ ಇದನ್ನು ನಾನು ವಿವರಿಸಿ ಹೇಳಬೇಕಿಲ್ಲ.

ಈಗ ಲೆಕ್ಕ ನೋಡಿ. ಹೊಗೆ ಬಿಟ್ಟವರು ಹೊರಗಿನವರು. ಇಂಗಾಲದ ದುಡ್ಡು ಬರುವುದು ರಾಜಧಾನಿಗೆ. ಪ್ರವಾಸಿಗಳ ದುಡ್ಡು ಲಾಡ್ಜಿಗೆ. ನೀಟಾದ ಪದರ ನನ್ನ ವಾರ್ಡ್‌ರೋಬಿಗೆ. ಆನೆ ಮಾತ್ರ ಆ ರೈತನ ಹೊಲಕ್ಕೆ!

ಪರಿಹಾರ ಕೊಡಲು ಹೊರಟರೆ ಸುಳ್ಳು ಲೆಕ್ಕ ಬರೆಯುತ್ತಾರೆ, ನಡುವಿನವರು ತಿನ್ನುತ್ತಾರೆ ಅನ್ನುವವರಿದ್ದಾರೆ. ನಿಜ ಇರಬಹುದು. ಆದರೆ ದೊಡ್ಡ ಸೋರಿಕೆ ಹಳ್ಳಿಯದಲ್ಲವಲ್ಲ. 2019ರಲ್ಲಿ ಬಂದರಿನಲ್ಲಿ ಜಪ್ತಿಯಾಗಿದ್ದ ನಿಷೇಧಿತ ಕೆವಾಜಿಂಗೊ ಮರದ 350ಕ್ಕೂ ಹೆಚ್ಚು ಕಂಟೇನರುಗಳು ಮಾಯವಾದವು. ಉಪಾಧ್ಯಕ್ಷರೂ ಅರಣ್ಯ ಸಚಿವರೂ ಕುರ್ಚಿ ಕಳೆದುಕೊಂಡರು. ಬಾಳೆಗೊನೆಯ ಲೆಕ್ಕದಲ್ಲಿ ಮೋಸ ಹುಡುಕುವ ಮೊದಲು ಇದನ್ನು ನೆನೆಯಬೇಕು.

ರುವಾಂಡಾ ತನ್ನ ಉದ್ಯಾನಗಳ ಪ್ರವಾಸಿ ಆದಾಯದಲ್ಲಿ ಸುತ್ತಲ ಹಳ್ಳಿಗಳಿಗೆ ಕೊಡುತ್ತಿದ್ದ ಪಾಲನ್ನು 2017ರಲ್ಲಿ ಶೇ. 5ರಿಂದ 10ಕ್ಕೆ ಏರಿಸಿತು. ಪಾಲು ಸಣ್ಣದೇ, ಆದರೆ ನಿಯಮದಲ್ಲಿ ಬರೆದದ್ದು. ಗ್ಯಾಬೊನ್‌ನ ಇಂಗಾಲದ ದುಡ್ಡಿಗೂ ಅಂಥ ನಿಯಮ ಬೇಕು. ಮೊದಲ ಪಾಲು ಬೇಲಿಗೆ ಮತ್ತು ಬೆಳೆನಷ್ಟಕ್ಕೆ, ಉಳಿದದ್ದು ಮಿಕ್ಕವರಿಗೆ. 2023ರಲ್ಲಿ ಸೇನೆ ಬಂತು, 2025ರಲ್ಲಿ ಚುನಾವಣೆಯೂ ಆಯಿತು. ಸರ್ಕಾರ ಯಾವುದೇ ಇರಲಿ, ರಾತ್ರಿ ಆನೆ ಬರುವುದು ಅದೇ ಹೊಲಕ್ಕೆ. ಆ ರೈತ ಒಮ್ಮೆ ಮುನಿದು ಬೇಟೆಗಾರನಿಗೆ ದಾರಿ ತೋರಿಸಿದರೆ, 13 ಉದ್ಯಾನಗಳೂ ನಕಾಶೆಯ ಮೇಲಷ್ಟೇ ಉಳಿದಾವು.

ಅಂದಹಾಗೆ, ಆ ಪ್ಲೈವುಡ್ ಹಾಳೆಯನ್ನು ನಾನು ಕೊಂಡೆ. ಸುಳ್ಳೇಕೆ ಹೇಳಲಿ? ನೀಟಾಗಿಯೇ ಇತ್ತು. ಅದರ ಬೆಲೆಯಲ್ಲಿ ಆ ಬಾಳೆತೋಟದವನ ಪಾಲು ಎಷ್ಟು ಅಂತ ಬಿಲ್ಲಿನಲ್ಲಿ ಮಾತ್ರ ಇರಲಿಲ್ಲ.