ದೊಡ್ಡ ಕಂಪನಿಗಳಿಗೆ ಫ್ರೀಲಾನ್ಸರ್‌ಗಳ ಹಕ್ಕೊತ್ತಾಯ ಪತ್ರ

ಇವರಿಗೆ: ಕನ್ನಡದ ಅನುವಾದ, ಸಬ್‌ಟೈಟಲ್, ಜಾಹೀರಾತು ಬರಹ ಮತ್ತು ವಿನ್ಯಾಸದ ಕೆಲಸವನ್ನು ಹೊರಗಿನವರಿಂದ ಮಾಡಿಸಿಕೊಳ್ಳುವ ಬೆಂಗಳೂರಿನ ದೊಡ್ಡ ಕಂಪನಿಗಳ ಆಡಳಿತ ಮಂಡಳಿಗಳು
ಇವರಿಂದ: ಆ ಕೆಲಸ ಮಾಡಿಕೊಡುವ ಫ್ರೀಲಾನ್ಸರ್‌ಗಳು

ಮಾನ್ಯರೆ,

ನಾವು ನಿಮ್ಮೊಬ್ಬರ ಕೆಲಸವನ್ನಷ್ಟೇ ಮಾಡುವವರಲ್ಲ. ಧಾರವಾಡದ ಪುಸ್ತಕ ಪ್ರಕಾಶಕರೂ ಬ್ಯಾಡಗಿ ಮೆಣಸಿನ ಪುಡಿಯ ಪೊಟ್ಟಣಕ್ಕೆ ಲೇಬಲ್ ಬರೆಸುವ ಮನೆ ಉದ್ಯಮದವರೂ ನಮ್ಮ ಗ್ರಾಹಕರೇ. ಅವರು ಕೊಡುವ ಮೊತ್ತ ಚಿಕ್ಕದು, ಆದರೆ ಕೆಲಸ ಕೈಸೇರಿದ ದಿನವೋ ಮರುದಿನವೋ ಯುಪಿಐಯಲ್ಲಿ ಬಂದು ಬೀಳುತ್ತದೆ. ನಿಮ್ಮಿಂದ ಬರುವುದು ವಾಪಸಾದ ಬಿಲ್ಲು. ಪರ್ಚೇಸ್ ಆರ್ಡರ್ ಸಂಖ್ಯೆ ತಪ್ಪಾಗಿದೆ ಎಂದು ವಾರಗಳು ಕಳೆದ ಮೇಲೆ ತಿಳಿಸುತ್ತೀರಿ, ತಿದ್ದಿ ಕಳಿಸಿದ ದಿನದಿಂದ ಮತ್ತೆ 60 ದಿನ ಎಣಿಸುತ್ತೀರಿ. ಶುಕ್ರವಾರ ಸಂಜೆ ಕಳಿಸಿದ ಕಡತವನ್ನು ಸೋಮವಾರ ಬೆಳಿಗ್ಗೆ ಕೇಳುತ್ತೀರಿ. ಆ ಎರಡು ದಿನ ಪ್ರಕಾಶಕರ ಕರಡಿಗೆ ಮೀಸಲಾಗಿತ್ತು. ನೀವು ಬಾಕಿ ಉಳಿಸಿಕೊಂಡ ತಿಂಗಳುಗಳಲ್ಲಿ ನಮ್ಮ ಮನೆ ಬಾಡಿಗೆ ಸಂದದ್ದು ಸಣ್ಣ ಗ್ರಾಹಕರ ಹಣದಿಂದ, ನಿಮಗಾಗಿ ಹಿಂದೆ ಬಿದ್ದದ್ದೂ ಅವರದೇ ಕೆಲಸ. ಜಿಎಸ್‌ಟಿ ನೋಂದಣಿ ಇರುವವರಂತೂ ನಿಮ್ಮ ಹಣ ಬರುವ ಮುನ್ನವೇ ನಿಮ್ಮ ಬಿಲ್ಲಿನ ತೆರಿಗೆ ತುಂಬುತ್ತಿದ್ದಾರೆ.

ಉದ್ಯಮ್ ನೋಂದಣಿ ಮಾಡಿಸಿದ ಫ್ರೀಲಾನ್ಸರ್‌ಗೆ 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ರಕ್ಷಣೆ ಇದೆ. ಆ ಕಾಯ್ದೆಯಂತೆಯೂ ನ್ಯಾಯದಂತೆಯೂ ನಮಗೆ ಸಲ್ಲಬೇಕಾದದ್ದು ಇಷ್ಟು:

1. ಕೆಲಸ ಆರಂಭವಾಗುವ ಮುನ್ನ ದರ, ಗಡುವು, ತಿದ್ದುಪಡಿಯ ಮಿತಿ ಮತ್ತು ಪಾವತಿಯ ದಿನಾಂಕ ನಮೂದಿಸಿದ ಒಪ್ಪಂದಕ್ಕೆ ಸಹಿ ಹಾಕಿ ಕೊಡಬೇಕು.

2. ಕೆಲಸ ಒಪ್ಪಿಕೊಂಡ 45 ದಿನದೊಳಗೆ, ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನದೊಳಗೆ, ಪೂರ್ತಿ ಹಣ ಪಾವತಿಸಬೇಕು.

3. ಕೆಲಸದಲ್ಲಿ ಕೊರತೆ ಕಂಡರೆ ಅದು ತಲುಪಿದ 15 ದಿನದೊಳಗೆ ಲಿಖಿತವಾಗಿ ತಿಳಿಸಬೇಕು, ಇಲ್ಲದಿದ್ದರೆ ತಲುಪಿದ ದಿನವೇ ಒಪ್ಪಿಕೊಂಡಂತೆ ಲೆಕ್ಕ ಹಿಡಿಯಬೇಕು.

4. ಪರ್ಚೇಸ್ ಆರ್ಡರ್, ವೆಂಡರ್ ಕೋಡ್ ಮುಂತಾದ ನಿಮ್ಮ ಒಳಗಿನ ವ್ಯವಹಾರವನ್ನು ಕೆಲಸ ಒಪ್ಪಿಸುವ ಮೊದಲೇ ಮುಗಿಸಬೇಕು ಮತ್ತು ಬಿಲ್ಲು ತಿದ್ದಿಸಿದ ನೆಪದಲ್ಲಿ ದಿನಗಳನ್ನು ಹೊಸದಾಗಿ ಎಣಿಸಬಾರದು.

5. ತಡವಾದ ಹಣಕ್ಕೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟಿನಂತೆ ತಿಂಗಳ ಲೆಕ್ಕದ ಚಕ್ರಬಡ್ಡಿಯನ್ನು, ನಾವು ಕೇಳುವವರೆಗೆ ಕಾಯದೆ, ಸೇರಿಸಿ ಕೊಡಬೇಕು.

6. ಹಿಡಿದುಕೊಂಡ ಟಿಡಿಎಸ್ ಅನ್ನು ನಮ್ಮ ಪ್ಯಾನ್ ಖಾತೆಗೆ ಗಡುವಿನೊಳಗೆ ಜಮಾ ಮಾಡಿ ಪ್ರಮಾಣಪತ್ರ ಕೊಡಬೇಕು.

7. ವಾರಾಂತ್ಯದ ತುರ್ತು ಕೆಲಸಕ್ಕೆ ಮೊದಲೇ ಒಪ್ಪಿದ ಹೆಚ್ಚುವರಿ ದರ ಕೊಡಬೇಕು ಮತ್ತು ಬೇರೆಯವರ ಕೆಲಸ ಕೈಯಲ್ಲಿದೆ ಎಂದು ನಿರಾಕರಿಸಿದವರನ್ನು ನಿಮ್ಮ ಪಟ್ಟಿಯಿಂದ ಕೈಬಿಡಬಾರದು.

8. ಬೇರೆ ಗ್ರಾಹಕರಿಗೆ ಕೆಲಸ ಮಾಡಬಾರದೆಂಬ ಷರತ್ತನ್ನು ತೆಗೆಯಬೇಕು, ಇಲ್ಲವೇ ಷರತ್ತಿನ ಅವಧಿಯುದ್ದಕ್ಕೂ ತಿಂಗಳ ಸಂಭಾವನೆ ಕೊಡಬೇಕು.

9. ನಮ್ಮ ದಿನಗಳನ್ನು ಕಾದಿರಿಸಿ ಕೊನೆಗಳಿಗೆಯಲ್ಲಿ ಕೆಲಸ ರದ್ದು ಮಾಡಿದರೆ ಒಪ್ಪಿದ ಮೊತ್ತದ ಅರ್ಧವನ್ನು ಪಾವತಿಸಬೇಕು.

10. ಮಾದರಿ ಅನುವಾದದ ಹೆಸರಿನಲ್ಲಿ ಬಿಟ್ಟಿ ಕೆಲಸ ಮಾಡಿಸಿಕೊಳ್ಳುವುದನ್ನು ನಿಲ್ಲಿಸಬೇಕು.

ಈ ಪತ್ರ ತಲುಪಿದ 15 ದಿನದೊಳಗೆ ಲಿಖಿತ ಉತ್ತರ ಕೊಡಿ. ಅಷ್ಟರಲ್ಲಿ ಬಾಕಿ ತೀರದಿದ್ದರೆ ನಮ್ಮಲ್ಲಿ ಉದ್ಯಮ್ ನೋಂದಣಿ ಇರುವವರು ರಾಜ್ಯ ಸರ್ಕಾರ ಕಾಯ್ದೆಯಡಿ ರಚಿಸಿರುವ ಸೌಲಭ್ಯ ಮಂಡಳಿಗೆ ಪ್ರಕರಣ ಒಯ್ಯುತ್ತಾರೆ. ಅಲ್ಲಿ 90 ದಿನದೊಳಗೆ ತೀರ್ಮಾನವಾಗಬೇಕೆಂದು ಕಾಯ್ದೆಯೇ ಹೇಳುತ್ತದೆ. ಇಂದಿನಿಂದ, ಸಣ್ಣ ಗ್ರಾಹಕರಿಗೆ ಕೊಟ್ಟ ಯಾವ ಗಡುವನ್ನೂ ನಿಮ್ಮ ಕೆಲಸಕ್ಕಾಗಿ ನಾವು ಮುಂದೂಡುವುದಿಲ್ಲ.