ಪೈಪ್ ಕೊಯ್ದರೆ ರಾಕೆಟ್ ಆಗಲ್ಲ

ಟೆಕ್ ಫೆಸ್ಟ್ ಹತ್ತಿರ ಬಂತು ಅಂದ್ರೆ ಯಾರಾದರೊಬ್ಬರು ಹೇಳೇ ಹೇಳ್ತಾರೆ, ‘ಟಿಪ್ಪು ಕಾಲದ ರಾಕೆಟ್ ಮಾಡೋಣ’ ಅಂತ. ಮಾಡೋದು ಹೇಗೆ? ಅಂಗಡಿಯಿಂದ ಪೈಪ್ ತಂದು ಒಂದು ಗೇಣು ಕೊಯ್ಯೋದು, ಒಂದು ಬದಿ ಮುಚ್ಚಿ ವೆಲ್ಡ್ ಮಾಡೋದು, ಬಿದಿರು ಕಟ್ಟಿ ಕಪ್ಪು ಬಣ್ಣ ಹೊಡೆಯೋದು. ನೋಡೋಕೆ ಥೇಟ್ ಹಾಗೇ ಇರುತ್ತೆ. ನಮ್ಮ ತಕರಾರು ಇರೋದು ಅಲ್ಲೇ.

ಅಸಲಿ ನಮ್ಮ ಜಿಲ್ಲೆಯಲ್ಲೇ ಇದೆ. ಹೊಸನಗರ ತಾಲ್ಲೂಕಿನ ನಗರದ ಒಂದು ಹಳೇ ಬಾವಿಯಲ್ಲಿ 2018ರಲ್ಲಿ ಸಾವಿರಕ್ಕೂ ಹೆಚ್ಚು ರಾಕೆಟ್ ಸಿಕ್ಕವು. ಈ ನಗರ ಅಂದ್ರೆ ಹಿಂದಿನ ಬಿದನೂರು, 1763ರಲ್ಲಿ ಹೈದರಾಲಿ ಗೆದ್ದುಕೊಂಡ ಊರು. ಸಿಕ್ಕಿದ್ದನ್ನು ಶಿವಮೊಗ್ಗದ ಶಿವಪ್ಪ ನಾಯಕ ಅರಮನೆ ಮ್ಯೂಸಿಯಂನಲ್ಲಿ ಇಟ್ಟಿದ್ದಾರೆ. (ಟಿಪ್ಪು ಅಂದ ತಕ್ಷಣ ಜಗಳಕ್ಕೆ ನಿಲ್ಲೋರು ಸ್ವಲ್ಪ ತಾಳಿ, ನಾವು ಮಾತಾಡ್ತಿರೋದು ಕಬ್ಬಿಣದ ಬಗ್ಗೆ.)

ಆ ಕಾಲದ ಯುರೋಪಿನ ರಾಕೆಟ್‌ಗಳಿಗೆ ಇದ್ದದ್ದು ಕಾಗದದ ಕೊಳವೆ. ಮೈಸೂರಿನವು ಕಬ್ಬಿಣದ್ದು, ಹಾಗಾಗಿ ಒಳಗಿನ ಒತ್ತಡ ಹೆಚ್ಚು ತಡೆದುಕೊಂಡು ದೂರ ಹೋಗ್ತಿದ್ದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲೆಂಡಿಗೆ ಹೋದ ರಾಕೆಟ್‌ಗಳನ್ನು ನೋಡಿಯೇ ಕಾಂಗ್ರೀವ್ ತನ್ನ ರಾಕೆಟ್ ಕೆಲಸ ಶುರು ಮಾಡಿದ್ದು.

ಈಗ ನಾವು ಕ್ಲಾಸಿನಲ್ಲಿ ಓದೋ ತೆಳು ಸಿಲಿಂಡರ್ ಪಾಠ ನೆನಪು ಮಾಡಿಕೊಳ್ಳಿ. ಒಳಗಿನ ಒತ್ತಡ ಕೊಳವೆಯನ್ನು ಉದ್ದಕ್ಕೆ ಎಳೆಯೋದರ ಎರಡು ಪಟ್ಟು ಸುತ್ತಲೂ ಎಳೆಯುತ್ತೆ. ಅಂದ್ರೆ ಒಡೆದರೆ ಉದ್ದಕ್ಕೆ ಸೀಳುತ್ತೆ. ತಗಡನ್ನು ಬಡಿದು ಸುತ್ತಿ ಕೊಳವೆ ಮಾಡಿದಾಗ ಜಾಯಿಂಟ್ ಬರೋದೂ ಉದ್ದಕ್ಕೇ! ಅತಿ ಹೆಚ್ಚು ಎಳೆತ ಬೀಳೋ ಕಡೆಯೇ ಅತಿ ದುರ್ಬಲ ಜಾಗ. ಫಾರ್ಮುಲಾ ಇಲ್ಲದ ಕಮ್ಮಾರ ಅದನ್ನು ಬರೀ ಸುತ್ತಿಗೆಯಲ್ಲಿ ಗೆದ್ದ. ಅಂಗಡಿ ಪೈಪ್‌ನಲ್ಲಿ ಆ ಸಮಸ್ಯೆಯನ್ನು ಮಿಷನ್ ಮೊದಲೇ ಬಿಡಿಸಿ ಕೊಟ್ಟಿರುತ್ತೆ. ಉಳಿಯೋದು ಆಕಾರ ಮಾತ್ರ.

ಹಾಗಂತ ನಕಲೇ ಬೇಡ ಅನ್ನಲ್ಲ. ಅಸಲಿಯನ್ನು ಕೊಯ್ಯೋ ಹಾಗಿಲ್ಲ, ಒಡೆಯೋ ಹಾಗಿಲ್ಲ, ತುಕ್ಕು ಹಿಡಿದಿದೆ. ನಕಲನ್ನು ಒಡೆಯಬಹುದು. ಅದಕ್ಕೇ ನಕಲು ಬೇಕು. ತಗಡು ಕಾಯಿಸಿ, ಬಡಿದು, ಸುತ್ತಿ ಒಂದು ಮಾಡೋಣ. ಪೈಪ್‌ನದ್ದು ಇನ್ನೊಂದು. ಎರಡಕ್ಕೂ ನೀರು ತುಂಬಿ ಪಂಪ್‌ನಲ್ಲಿ ಒತ್ತಡ ಕೊಟ್ಟು ಯಾವುದು ಎಲ್ಲಿ ಸೀಳುತ್ತೆ ನೋಡೋಣ. ಮದ್ದು ಬೇಡವೇ ಬೇಡ, ನೀರು ಸಾಕು.

ಇದಕ್ಕೆ ಭದ್ರಾವತಿಗಿಂತ ಒಳ್ಳೇ ಜಾಗ ಇಲ್ಲ. ಅಲ್ಲಿನ ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾದಾಗ ಕುಲುಮೆಗೆ ಹಾಕಿದ್ದು ಕೋಕ್ ಅಲ್ಲ, ಕಾಡಿನ ಸೌದೆಯ ಇದ್ದಿಲು. ಅದಿರು ಕೆಮ್ಮಣ್ಣುಗುಂಡಿಯದು. ಅಲ್ಲಿ ಬರ್ತಿದ್ದದ್ದು ಕಮ್ಮಾರನ ಮೆದು ಕಬ್ಬಿಣ ಅಲ್ಲ, ಬೀಡು ಕಬ್ಬಿಣ, ಒಪ್ತೀವಿ. ಆದರೆ ಕಾಯಿಸಿದ ಕಬ್ಬಿಣದ ಬಣ್ಣ ನೋಡಿ ಬಿಸಿ ಎಷ್ಟು ಅಂತ ಹೇಳೋ ಹಿರಿಯರು ಆ ಊರಲ್ಲಿ ಸಿಗ್ತಾರೆ. 2023ರಲ್ಲಿ ಕಾರ್ಖಾನೆ ಮುಚ್ಚೋ ಮಾತು ಬಂದಾಗ ಎಲ್ಲರೂ ಮಾತಾಡಿದ್ದು ಕೆಲಸದ ಬಗ್ಗೆ, ಅದು ಸರಿಯೇ. ಆ ಕಣ್ಣಳತೆ ಯಾರಿಗೆ ಹೋಗುತ್ತೆ ಅಂತ ನಮ್ಮಂಥ ಮೆಕ್ಯಾನಿಕಲ್‌ನವರೂ ಕೇಳಲಿಲ್ಲ. ಯಾವ ಮ್ಯೂಸಿಯಂ ಬಾವಿಯಲ್ಲೂ ಅದು ಸಿಗಲ್ಲ.

ಭದ್ರಾವತಿ ಕಡೆ ಇನ್ನೂ ಉರೀತಿರೋ ಕುಲುಮೆ ಯಾರಿಗಾದ್ರೂ ಗೊತ್ತಿದ್ರೆ ಕ್ಲಬ್‌ಗೆ ತಿಳಿಸಿ. ತಗಡು, ಇದ್ದಿಲು, ಬಸ್ ಚಾರ್ಜ್ ನಮ್ಮದು.